ಅರಳು ಮರಳು: ತಪ್ಪು ಯಾರದು?

ಊಟ ಮುಗಿದು ಅರ್ಧ ಗಂಟೆಯಾಗಿಲ್ಲ. ವೃದ್ಧೆ ಅತ್ತೆ ಅಂಗಳಕ್ಕೆ ಬಂದು ನೆರೆಮನೆಯವರೊಡನೆ ‘ಬೆಳಗಿನಿಂದ ಒಂದು ತುತ್ತು ರೊಟ್ಟಿ ಕೊಟ್ಟಿಲ್ಲ’ ಎಂದು ದೂರುತ್ತಾರೆ. ಒಳಗೆ ಅವರದೇ ತಟ್ಟೆ ತೊಳೆಯುತ್ತಿರುವ ಸೊಸೆಯ ಕಿವಿಗೆ ಆ ಮಾತು ಬೀಳುತ್ತದೆ. ಸಂಜೆ ಮಗ ಮನೆಗೆ ಬಂದಾಗ ಎರಡು ದೂರುಗಳು ಅವನಿಗಾಗಿ ಕಾದಿರುತ್ತವೆ. ಓದುಗರೇ, ಇಲ್ಲಿ ಸುಳ್ಳು ಹೇಳಿದವರು ಯಾರು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಯಾವ ಊರಿಗೆ ಹೋದರೂ ಇಂತಹ ಮನೆಗಳಿವೆ. ಎಲ್ಲೆಡೆಯೂ ಒಂದೇ ಗಾದೆ: ಅರವತ್ತಕ್ಕೆ ಅರಳು ಮರಳು. ಈ ಗಾದೆ ಹೇಳಿ ಕೆಲವರು ಕೈ ತೊಳೆದುಕೊಳ್ಳುತ್ತಾರೆ. ಇನ್ನು ಕೆಲವರು ‘ಬೇಕಂತಲೇ ಮಾಡುತ್ತಾರೆ, ಹಟ’ ಎಂದು ಸಿಡುಕುತ್ತಾರೆ. ಈ ಎರಡೂ ತೀರ್ಮಾನಗಳು ಸರಿಯೇ ಎಂದು ನಾವು ಯೋಚಿಸಬೇಕಾಗಿದೆ.

ಇದನ್ನು ಅರಿಯಲು ಒಂದು ಮೂಕಪ್ರಾಣಿಯತ್ತ ನೋಡೋಣ. ಕೃಷ್ಣಾ ತೀರದ ಕಬ್ಬಿನ ಗದ್ದೆಗಳ ನಡುವಿನ ತೋಟದ ಮನೆಗಳಲ್ಲಿ ಕಾವಲಿಗೆ ನಾಯಿ ಇರುವುದು ಸಾಮಾನ್ಯ. ಹತ್ತು ಹನ್ನೆರಡು ವರ್ಷ ದಾಟಿದ ಕೆಲವು ನಾಯಿಗಳು ವಿಚಿತ್ರವಾಗಿ ವರ್ತಿಸತೊಡಗುತ್ತವೆ. ಹಗಲಿಡೀ ಮಲಗಿ ರಾತ್ರಿಯಿಡೀ ಅಲೆಯುತ್ತವೆ. ಗೋಡೆಯನ್ನೇ ನೋಡುತ್ತ ನಿಲ್ಲುತ್ತವೆ. ಬಾಗಿಲು ತೆರೆಯುವ ಕಡೆ ಬಿಟ್ಟು ತಿರುಗಣಿಯ ಕಡೆ ಕಾಯುತ್ತವೆ. ಅನ್ನ ಹಾಕಿದ ಯಜಮಾನನನ್ನೇ ಗುರುತಿಸದೆ ಬೊಗಳುತ್ತವೆ. ನಾಯಿ ಹಟ ಮಾಡುತ್ತಿದೆ, ಸೊಸೆಯ ಮಾನ ಕಳೆಯಲು ನಟಿಸುತ್ತಿದೆ ಎಂದು ಯಾರೂ ಹೇಳುವುದಿಲ್ಲ.

ವೈದ್ಯವಿಜ್ಞಾನ ಹೇಳುವುದೇನೆಂದರೆ, ಇಂತಹ ನಾಯಿಗಳ ಮೆದುಳು ಕುಗ್ಗಿರುತ್ತದೆ. ಅಮಿಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳು ಅದರಲ್ಲಿ ಸೇರಿಕೊಂಡಿರುತ್ತವೆ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ವರದಿ ಮಾಡಿದ ರೋಗಿಯ ಮೆದುಳಿನಲ್ಲಿಯೂ ಇಂತಹ ಗಂಟುಗಳಿದ್ದವು. ಮನುಷ್ಯರಲ್ಲಿ ಇದರ ಜೊತೆಗೆ ಜೀವಕೋಶಗಳ ಒಳಗೆ ಸಿಕ್ಕುಗಳೂ ಉಂಟಾಗುತ್ತವೆ. ನಾಯಿಗಳಲ್ಲಿ ಅದು ಅಪರೂಪ. ಆಲ್ಝೈಮರ್ ಕಂಡ ಆ ಮಹಿಳೆ ಆಸ್ಪತ್ರೆ ಸೇರಿದಾಗ ಆಕೆಗೆ ಕೇವಲ 51 ವರ್ಷ. ಅಂದರೆ ಇದು ಬರಿಯ ಮುಪ್ಪಲ್ಲ, ರೋಗ.

2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ರೋಗವಿದೆ. ಇದನ್ನು ತಿರುಗಿಸಿ ಓದಿರಿ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ವೃದ್ಧರಿಗೆ ಈ ರೋಗವಿಲ್ಲ. ಹಾಗಿರುವಾಗ ಅರಳು ಮರಳನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಿರುವುದು ಹೇಗೆ ಸರಿ?

ರೋಗಕ್ಕೆ ತುತ್ತಾದವರ ಮಾತು ಸುಳ್ಳಲ್ಲ. ಉಂಡ ನೆನಪೇ ಇಲ್ಲದವರ ಪಾಲಿಗೆ ಅವರು ಉಂಡಿಲ್ಲ. ಬುದ್ಧಿ ಸ್ವಾಧೀನದಲ್ಲಿಲ್ಲದವರ ಕರ್ಮಗಳನ್ನು ಬರೆಯುವ ಲೇಖನಿ ಎತ್ತಲ್ಪಟ್ಟಿದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅಲ್ಲಾಹನು ಲೆಕ್ಕ ಕೇಳದ ಮಾತಿಗೆ ನಾವು ಲೆಕ್ಕ ಕೇಳಬಹುದೇ? ಆದರೆ ನಮ್ಮ ಲೇಖನಿ ಎತ್ತಲ್ಪಟ್ಟಿಲ್ಲ. ಅವರ ಹೊಣೆ ಕಳಚಿದ ಕ್ಷಣದಲ್ಲಿ ನಮ್ಮ ಹೊಣೆ ಇಮ್ಮಡಿಯಾಗುತ್ತದೆ. ಹೆತ್ತವರೊಡನೆ ಬೇಸರದ ಉಸಿರನ್ನೂ ತೆಗೆಯಬೇಡಿರೆಂದು ಹೇಳುವಾಗ ಪವಿತ್ರ ಕುರ್‌ಆನ್ ಅವರ ಮುಪ್ಪನ್ನೇ ಹೆಸರಿಸಿದೆ.

‘ನಾನು ಮಾಡಿದ ಸೇವೆ ಅವರಿಗೆ ನೆನಪೇ ಇರುವುದಿಲ್ಲ, ಮಾಡಿ ಏನು ಫಲ?’ ಎಂದು ಕೇಳುವವರಿದ್ದಾರೆ. ಅದು ದಣಿದ ಜೀವದ ಪ್ರಶ್ನೆ, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಒಂದು ಉತ್ತರವನ್ನು ವೈದ್ಯರೇ ಕೊಡುತ್ತಾರೆ: ಘಟನೆ ಮರೆತರೂ ಅದು ಹುಟ್ಟಿಸಿದ ನೋವು ಅಥವಾ ನೆಮ್ಮದಿ ಮನಸ್ಸಿನಲ್ಲಿ ಕೆಲಹೊತ್ತು ಉಳಿಯುವುದುಂಟು. ಗದರಿದ ಮಾತು ಮರೆತುಹೋಗುತ್ತದೆ, ಅಂಜಿಕೆ ಉಳಿಯುತ್ತದೆ. ಇನ್ನೊಂದು ಉತ್ತರ ನಮಗೆಲ್ಲ ತಿಳಿದಿರುವ ಘಟನೆಯಲ್ಲಿದೆ. ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತುಂಬಿ ಬಾಯಾರಿದ ನಾಯಿಗೆ ಕುಡಿಸಿದವನಿಗೆ ಕ್ಷಮೆ ದೊರೆಯಿತು. ಆ ನಾಯಿ ಊರಿಗೆ ಬಂದು ಅವನನ್ನು ಹೊಗಳಲಿಲ್ಲ. ಋಣ ತೀರಿಸಲಾಗದವರಿಗೆ ಮಾಡಿದ ಉಪಕಾರದಲ್ಲಿ ತೋರಿಕೆಗೆ ಜಾಗವೇ ಇಲ್ಲ.

ತೀರಿಹೋದ ಪತಿ ಎಲ್ಲಿ ಎಂದು ತಾಯಿ ದಿನವೂ ಕೇಳಿದರೆ ಏನು ಹೇಳುವುದು? ಸುಳ್ಳು ಹೇಳಬೇಕಾಗಿಲ್ಲ, ಪ್ರತಿದಿನ ಮರಣವಾರ್ತೆ ಮುಟ್ಟಿಸಿ ಅಳಿಸಲೂ ಬೇಕಾಗಿಲ್ಲ. ‘ಅಬ್ಬಾ ನೆನಪಾದರೇನಮ್ಮಾ? ಅವರ ವಿಷಯ ಹೇಳಿ’ ಎನ್ನಿರಿ. ಅವರಿಗೆ ಬೇಕಾಗಿರುವುದು ಅಷ್ಟೇ ಇರಬಹುದು.

ಮಗನಾದವನಿಗೆ ಒಂದು ಮಾತು. ಸ್ವರ್ಗ ತಾಯಿಯ ಪಾದದಡಿಯಿದೆ ಎಂದು ಹೇಳುತ್ತ ಆ ಪಾದ ತೊಳೆಯುವ ಕೆಲಸವನ್ನೆಲ್ಲ ಹೆಂಡತಿಗೆ ಬಿಡುವುದು ಯಾವ ನ್ಯಾಯ? ತಾಯಿ ನಿನ್ನವಳು. ರಾತ್ರಿ ಎದ್ದು ಅಲೆಯುವ ಆಕೆಯ ಕೈ ಹಿಡಿಯುವ ಸರದಿ ಮೊದಲು ನಿನ್ನದು. ನೆರೆಯವರ ಮುಂದೆ ಹೆಂಡತಿಯ ಮಾನ ಕಾಯುವುದೂ ನಿನ್ನದೇ ಕೆಲಸ.

ಮೊದಲು ವೈದ್ಯರಿಗೆ ತೋರಿಸಿರಿ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ ಮತ್ತು ಖಿನ್ನತೆ ಸಹ ಮರೆವನ್ನು ತರುತ್ತವೆ, ಇವುಗಳಿಗೆ ಚಿಕಿತ್ಸೆಯಿದೆ. ಕಿವಿ ಕೇಳಿಸದಿದ್ದರೂ ಮರೆವಿನಂತೆಯೇ ತೋರಬಹುದು. ಧಾರವಾಡದ ಡಿಮ್ಹಾನ್ಸ್ ನಮ್ಮ ಭಾಗಕ್ಕೆ ದೂರವಲ್ಲ. ನಡು ವಯಸ್ಸಿನವರು ರಕ್ತದೊತ್ತಡ, ಸಕ್ಕರೆ ಕಾಯಿಲೆ ಹಿಡಿತದಲ್ಲಿಡಬೇಕು. ತಂಬಾಕು ಬೆಳೆಯುವ ನಿಪ್ಪಾಣಿಯ ನಾಡಿನವರಾದ ನಾವು ಧೂಮಪಾನವೂ ಈ ರೋಗಕ್ಕೆ ದಾರಿ ಎಂಬುದನ್ನು ಮರೆಯಬಾರದು.

ಇಂದು ಸಂಜೆ ಆ ಅತ್ತೆ ಮತ್ತೆ ಊಟ ಕೇಳಿದರೆ ‘ಆಗಲೇ ಕೊಟ್ಟೆನಲ್ಲ’ ಎನ್ನಬೇಡಿರಿ. ಪಕ್ಕದಲ್ಲಿ ಕುಳಿತು ಒಂದು ಬಾಳೆಹಣ್ಣು ಸುಲಿದು ಕೊಡಿರಿ. ನಾವು ಉಂಡೆವೋ ಇಲ್ಲವೋ ಎಂದು ಹೇಳಲು ಬಾರದಿದ್ದ ಕಾಲದಲ್ಲಿ ನಮಗೂ ಯಾರೋ ಹಾಗೆಯೇ ತಿನ್ನಿಸಿದ್ದರು.