ಪೌಲನು ಕೇಳಿದ ಪುಸ್ತಕಗಳು

ಭಾನುವಾರದ ಆರಾಧನೆಯ ಸಂದೇಶ, ಗೋಕಾಕ ಫಾಲ್ಸ್
ವಾಕ್ಯಭಾಗ: 2 ತಿಮೊಥೆಯನಿಗೆ 4:6–13

 

ವಾಕ್ಯ ಓದಿದಿರಿ. ಓಟ ಮುಗಿಸಿದ್ದು, ಜಯಮಾಲೆ ಸಿದ್ಧವಾಗಿರುವದು, ಅದಕ್ಕೆಲ್ಲ ಜೋರಾಗಿ ಆಮೆನ್ ಅಂದಿರಿ. ಹದಿಮೂರನೇ ವಚನಕ್ಕೆ ಬಂದಾಗ ಸಭೆ ಸುಮ್ಮನಾಯಿತು. ಅಲ್ಲಿ ಏನಿದೆ? ಒಂದು ಮೇಲಂಗಿ, ಕೆಲವು ಪುಸ್ತಕ, ಚರ್ಮದ ಕಾಗದ. ಸಂತೆಗೆ ಹೋಗುವವರ ಕೈಗೆ ಕೊಟ್ಟ ಚೀಟಿ ಇದ್ದ ಹಾಗಿದೆ ಅಂತ ನಾವು ದಾಟಿ ಹೋಗ್ತೇವೆ. ಇವತ್ತು ದಾಟುವದು ಬೇಡ, ಇಲ್ಲೇ ನಿಲ್ಲೋಣ.

ಪೌಲನು ಎಲ್ಲಿದ್ದಾನೆ? ಸೆರೆಯಲ್ಲಿ. ಹೊರಡುವ ಸಮಯ ಬಂತು ಅಂತ ತಾನೇ ಬರೆದಿದ್ದಾನೆ. ಚಳಿಗಾಲ ಎದುರಿಗಿದೆ. ಇವನು ಮೂರನೇ ಆಕಾಶದವರೆಗೆ ಎತ್ತಲ್ಪಟ್ಟವನು, ಅನ್ಯಭಾಷೆಗಳಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಮಾತಾಡಿದವನು. ಅಂಥವನು ತ್ರೋವದಲ್ಲಿ ಬಿಟ್ಟು ಬಂದ ಪುಸ್ತಕಗಳನ್ನು ತರಿಸಿಕೊಳ್ತಾನೆ. ಇನ್ನು ನನಗೆ ಓದು ಯಾತಕ್ಕೆ ಅನ್ನಲಿಲ್ಲ. ಆತ್ಮನಿಂದ ತುಂಬಿದ ಮನುಷ್ಯ ಸಾಯುವ ಮೊದಲು ಪುಸ್ತಕ ಕೇಳಿದ. ಅರ್ಥ ಆಯ್ತಾ?

ಈಗ ನಾನು ನಿಮ್ಮ ಮುಂದೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಸಹೋದರಿಯ ಅಪ್ಪಣೆ ಕೇಳಿಯೇ ಹೇಳ್ತಾ ಇದ್ದೇನೆ.

ವೈದ್ಯಕೀಯ ಸೀಟಿಗೆ ಬರೆಯುವ ನೀಟ್ ಪರೀಕ್ಷೆಗೆ ಮೊದಲು ವಯಸ್ಸಿನ ಮಿತಿ ಇತ್ತು, ಸಾಮಾನ್ಯ ವರ್ಗದವರಿಗೆ 25. 2022ರಲ್ಲಿ ಆ ಮಿತಿ ತೆಗೆದರು. ಆ ವರ್ಷವೇ ಈ ಸಹೋದರಿ ನನ್ನ ಹತ್ತಿರ ಬಂದರು. ಪಿಯುಸಿ ಸೈನ್ಸ್ ಪಾಸಾದ ಮೇಲೆ ಮದುವೆ, ಮಕ್ಕಳು, ಗಂಡನಿಗೆ ಪಾಳಿಯ ಕೆಲಸ. "ಪಾಸ್ಟರ, ಬಿಟ್ಟಿದ್ದ ಓದು ಮತ್ತ ಹಿಡೀಬೇಕಂತೀನ್ರಿ. ನೀಟ್ ಬರೀಲೇನ್ರಿ?" ಅಂದರು.

ನಾನು ಏನಂದೆ? "ಈ ವಯಸ್ಸಿನ್ಯಾಗ ಯಾಕವ್ವಾ? ಮಕ್ಕಳನ್ನ ಓದಸು. ಮೊಣಕಾಲೂರು, ಕರ್ತನು ನೋಡ್ಕೋತಾನ." ಅವರು "ಆತ್ರಿ" ಅಂದು ಹೋದರು. ನಾನು ಒಳ್ಳೇ ಆಲೋಚನೆ ಹೇಳಿದೆ ಅಂದುಕೊಂಡು ಆ ರಾತ್ರಿ ನಿದ್ರೆ ಮಾಡಿದೆ.

ಈ ವರ್ಷ ಫೆಬ್ರವರಿಯಲ್ಲಿ ಅವರ ಮನೆಗೆ ಪ್ರಾರ್ಥನೆಗೆ ಹೋದೆ. ಹಾಸಿಗೆಯ ಮೇಲೆ ಜೀವಶಾಸ್ತ್ರದ ಪುಸ್ತಕ ಇತ್ತು. ಮಗಳದು ಅಂದುಕೊಂಡೆ. ಮಗಳು ಇನ್ನೂ ಒಂಬತ್ತನೇ ಕ್ಲಾಸು. ಆ ತಂಗಿ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಲಿಕ್ಕೆ ನೋಡಿದರು. ಒಂದು ವರ್ಷದಿಂದ ಬೆಳಗಿನ ನಾಲ್ಕಕ್ಕೆ ಎದ್ದು, ಗಂಡನ ಡಬ್ಬಿ ಕಟ್ಟುವದರೊಳಗೆ ಎರಡು ತಾಸು ಓದ್ತಾ ಇದ್ದಾರೆ. "ನಿಮಗ ಹೇಳಾಕ ಅಂಜಿಕಿ ಆಗಿತ್ರಿ" ಅಂದರು.

ಪ್ರಿಯರೇ, ಆ ಮಾತು ನನ್ನ ಎದೆಗೆ ನಾಟಿತು. ಕುರುಬನಿಗೆ ಅಂಜಿ ಕುರಿ ಕದ್ದು ಮೇಯಬೇಕಾಯಿತೇ? ನಾನು ಎಂಥ ಕುರುಬ?

ಆಮೇಲೆ ಪರೀಕ್ಷೆಯ ನಿಯಮ ಅವರೇ ನನಗೆ ಕಲಿಸಿದರು. 180 ಪ್ರಶ್ನೆ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿ ಉತ್ತರಕ್ಕೆ ನಾಲ್ಕು ಅಂಕ, ಒಟ್ಟು 720. ತಪ್ಪು ಬರೆದರೆ ಒಂದು ಅಂಕ ಕಳೀತಾರೆ. ಖಾಲಿ ಬಿಟ್ಟರೆ ಏನೂ ಕಳೆಯುವದಿಲ್ಲ. ಇದನ್ನು ಕೇಳಿದಾಗ ನನಗೆ ನನ್ನದೇ ಲೆಕ್ಕ ಕಾಣಿಸಿತು. 2022ರಲ್ಲಿ ಆ ಸಹೋದರಿ ಕೇಳಿದ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ. "ಪ್ರಾರ್ಥನೆ ಮಾಡಿ ಹೇಳ್ತೇನೆ" ಅಂತ ಖಾಲಿ ಬಿಡಬಹುದಿತ್ತು. ನಾನು ಕರ್ತನನ್ನು ಕೇಳದೆ ಕರ್ತನ ಹೆಸರಿನಲ್ಲಿ ಉತ್ತರ ತುಂಬಿಬಿಟ್ಟೆ. ಅಂಕ ಕಳೆದದ್ದು ನನಗಲ್ಲ, ಅವರ ವರ್ಷಗಳಿಂದ ಕಳೆಯಿತು. ತಂಗೀ, ಸಭೆಯ ಮುಂದೆ ಕೇಳ್ತೇನೆ, ನನ್ನನ್ನು ಕ್ಷಮಿಸಿರಿ.

ಹಾಗಾದರೆ ಪ್ರಾರ್ಥನೆ ಬೇಡವೇ? ಬೇಕು! ಆದರೆ ಪ್ರಾರ್ಥನೆ ಓದಿನ ಬದಲಿಗೆ ಇಡುವ ವಸ್ತುವಲ್ಲ. ದಾನಿಯೇಲನಿಗೆ ದೇವರು ಜ್ಞಾನ ಕೊಟ್ಟನು, ಸರಿ. ಅವನು ಬಾಬೆಲಿನಲ್ಲಿ ಮೂರು ವರ್ಷದ ಶಿಕ್ಷಣಕ್ಕೂ ಕೂತನು. ಮುಪ್ಪಿನಲ್ಲಿಯೂ ಅವನು ಯೆರೆಮೀಯನ ಗ್ರಂಥ ಓದಿ ಕಾಲದ ಲೆಕ್ಕ ತಿಳುಕೊಂಡನು, ತಿಳುಕೊಂಡ ಮೇಲೆ ಮೊಣಕಾಲೂರಿದನು. ಒಂಬತ್ತನೇ ಅಧ್ಯಾಯ ನೋಡಿರಿ. ಓದೂ ಇದೆ, ಉಪವಾಸವೂ ಇದೆ.

ವಯಸ್ಸಾಯಿತು ಅಂತೀರಾ? ಒಡಿಶಾದಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ 2020ರಲ್ಲಿ, ತಮ್ಮ 64ನೇ ವಯಸ್ಸಿನಲ್ಲಿ, ಇದೇ ಪರೀಕ್ಷೆ ಪಾಸಾಗಿ ಎಂಬಿಬಿಎಸ್ ಸೇರಿದರು. ಮೋಶೆ ಫರೋಹನ ಮುಂದೆ ನಿಂತಾಗ ಎಂಬತ್ತು.

ಈಗ ಬೇಸಿಗೆ. ನಮ್ಮ ಫಾಲ್ಸಿಗೆ ಬಂದವರು ತೂಗುಸೇತುವೆ ಮೇಲೆ ನಿಂತು, ಬರೇ ಬಂಡೆ ನೋಡಿ, ನೀರೇ ಇಲ್ಲ ಅಂತ ತಿರುಗಿ ಹೋಗ್ತಾರೆ. ಇಲ್ಲಿ ಹುಟ್ಟಿದ ನಾವು ಹಾಗನ್ನುವದಿಲ್ಲ. ಮಳೆಗಾಲದಲ್ಲಿ ಘಟಪ್ರಭೆ 170 ಅಡಿ ಕೆಳಗೆ ಹೇಗೆ ಧುಮುಕ್ತಾಳೆ ಅಂತ ನಮಗೆ ಗೊತ್ತು. ಬೇಸಿಗೆಯ ಮನುಷ್ಯರನ್ನು ನೋಡಿ ಮಾತ್ರ "ಇವರದು ಮುಗೀತು" ಅಂತೇವೆ. ಮಿಡತೆ ತಿಂದ ವರ್ಷಗಳನ್ನು ತುಂಬಿಕೊಡುತ್ತೇನೆ ಅಂತ ಯೋವೇಲನ ಮೂಲಕ ಹೇಳಿದ ದೇವರು ಹಾಗನ್ನುವದಿಲ್ಲ. ಹಲ್ಲೆಲೂಯಾ!

ಒಂದು ಮಾತು ಸ್ಪಷ್ಟವಾಗಿ ಹೇಳ್ತೇನೆ. ಈ ಸಹೋದರಿಗೆ ಸೀಟು ಸಿಕ್ಕೇ ಸಿಗುತ್ತದೆ ಅಂತ ನಾನು ಇಲ್ಲಿ ಪ್ರವಾದನೆ ಹೇಳುವದಿಲ್ಲ. ಇನ್ನೊಂದು ಸಲ ಗೊತ್ತಿಲ್ಲದ ಉತ್ತರ ತುಂಬಲಾರೆ. ಸೀಟು ಸಿಗಬಹುದು, ಸಿಗದಿರಬಹುದು. ಆದರೆ ನಾಲ್ಕು ಗಂಟೆಯ ಆ ದೀಪವನ್ನು ಕರ್ತನು ಕಂಡಿದ್ದಾನೆ.

ಪರೀಕ್ಷೆ ಮುಂದಿನ ಭಾನುವಾರ, ಬೆಳಗಾವಿಯಲ್ಲಿ. ಎರಡು ಗಂಟೆಗೆ ಪರೀಕ್ಷೆ, ಒಂದೂವರೆಗೆ ಗೇಟು ಹಾಕ್ತಾರೆ. ಆರಾಧನೆ ತಪ್ಪುತ್ತದಲ್ಲಾ ಅಂತ ಅವರು ಅಳುತ್ತಾ ಕೇಳಿದರು. ಸಬ್ಬತ್ ದಿನ ಬಾವಿಗೆ ಬಿದ್ದ ಎತ್ತನ್ನು ಮೇಲಕ್ಕೆ ಎತ್ತುವದಿಲ್ಲವೇ ಅಂತ ಯೇಸು ಕೇಳಿದನು. ಆದ್ದರಿಂದ ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಹಿರಿಯರು ಅವರ ಮನೆಗೆ ಬಂದು ಕೈಯಿಟ್ಟು ಪ್ರಾರ್ಥಿಸ್ತಾರೆ. ಒಬ್ಬ ಸಹೋದರರು ತಮ್ಮ ಗಾಡಿ ಕೊಡ್ತಾರೆ. ಒಳಗೆ ಹೋಗುವಾಗ ಕಿವಿಯದು, ಕೈಯದು ಆಭರಣ ಎಲ್ಲಾ ತೆಗೆಸ್ತಾರಂತೆ. ನಮ್ಮ ಸಹೋದರಿಯರಿಗೆ ಆ ಚಿಂತೆ ಇಲ್ಲ! ಮಕ್ಕಳಿಗೆ ಮಧ್ಯಾಹ್ನದ ಊಟ ಯಾರ ಮನೆಯಲ್ಲಿ? ಕೈ ಎತ್ತಿರಿ. ಕರ್ತನಿಗೆ ಸ್ತೋತ್ರ, ನಾಲ್ಕು ಕೈ ಕಂಡವು.

ನಿಮ್ಮಲ್ಲಿ ಯಾರ ಪುಸ್ತಕ ಟ್ರಂಕಿನಲ್ಲಿದೆ? ಎಸ್ಸೆಸ್ಸೆಲ್ಸಿಯಲ್ಲಿ ನಿಂತವರು, ಪಿಯುಸಿ ಬಿಟ್ಟವರು, ಎದ್ದು ನಿಲ್ಲಿರಿ. ನಾಚಿಕೆ ಬೇಡ. ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿನ್ನ ಮಕ್ಕಳು ಮುಚ್ಚಿಟ್ಟ ಪುಸ್ತಕಗಳನ್ನು ನೀನು ಬಲ್ಲೆ. ಓದಿದ್ದನ್ನು ನೆನಪಿಗೆ ತಾ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ದೀನತೆಯನ್ನು ಮೊದಲು ನಿನ್ನ ಸೇವಕನಾದ ನನಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.