ಆಳುವ ವಿದ್ಯೆ ಯಾರ ಋಣದಲ್ಲಿ?

ಕ್ರಿ.ಶ. 1095ರಲ್ಲಿ ಇಮಾಮ್ ಗಝ್ಝಾಲಿ ಬಗ್ದಾದಿನ ನಿಝಾಮಿಯ್ಯ ವಿದ್ಯಾಲಯದ ಪೀಠವನ್ನು ಬಿಟ್ಟು ಹೊರಟರು. ಅದನ್ನು ಕಟ್ಟಿಸಿದವರು ಸೆಲ್ಜುಕ್ ವಝೀರರಾದ ನಿಝಾಮುಲ್ ಮುಲ್ಕ್. ರಾಜನೀತಿಯ ಕುರಿತು ಸ್ವತಃ ಗ್ರಂಥ ಬರೆದವರು. ತಾನು ಕಲಿಸುತ್ತಿರುವುದು ಅಲ್ಲಾಹನ ಸಂಪ್ರೀತಿಗಾಗಿಯೋ ಕೀರ್ತಿಗಾಗಿಯೋ ಎಂಬ ಪ್ರಶ್ನೆ ಗಝ್ಝಾಲಿಯವರನ್ನು ಕಾಡಿತ್ತು. ಮುಂದೆ ಅರಸರ ಹಣ ಮುಟ್ಟುವುದಿಲ್ಲವೆಂದು ಪ್ರತಿಜ್ಞೆಯನ್ನೂ ಮಾಡಿದರು. (ಕೆಲವು ವರ್ಷಗಳ ಬಳಿಕ ಅದೇ ವಝೀರರ ಮಗನ ಒತ್ತಾಯಕ್ಕೆ ನಿಶಾಪುರದಲ್ಲಿ ಮತ್ತೆ ಪಾಠ ಹೇಳಿದರು. ಆ ಮಾತು ಬೇರೆ.)

ಸಾರ್ವಜನಿಕ ನೀತಿ ಮತ್ತು ಆಡಳಿತವನ್ನು ಖಾಸಗಿ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪದವಿಯಾಗಿ ಕಲಿಸುವ ಇಂದಿನ ದಿನಗಳಲ್ಲಿ ಆ ಪ್ರಶ್ನೆ ಹಳತಾಗಿಲ್ಲ. 2010ರಲ್ಲಿ ರಾಜ್ಯದ ಶಾಸನದಿಂದ ಸ್ಥಾಪನೆಯಾದ ಬೆಂಗಳೂರಿನ ಅಝೀಮ್ ಪ್ರೇಮ್‌ಜಿ ವಿಶ್ವವಿದ್ಯಾಲಯವನ್ನೇ ನೋಡೋಣ. ಅದರ ಹಿಂದಿರುವುದು ದಾನದ ಸಂಪತ್ತು, ವ್ಯಾಪಾರವಲ್ಲ. ಬಡ ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ ನೆರವೂ ಇದೆ. ಆದ್ದರಿಂದ ಖಾಸಗಿ ಎಂದೊಡನೆ ಮೂಗು ಮುರಿಯುವುದು ನ್ಯಾಯವಲ್ಲ. ವರ್ಗಾವಣೆಯ ಭಯದಲ್ಲಿ ಪಾಠ ಹೇಳುವ ಸರಕಾರಿ ಅಧ್ಯಾಪಕನಿಗಿಂತ ಇಲ್ಲಿಯವರು ಹೆಚ್ಚು ಸ್ವತಂತ್ರರಾಗಿರಲೂಬಹುದು. ಆದರೆ ವಕ್ಫ್ ಮಾಡಿದ ಆಸ್ತಿಯ ಮೇಲೆ ದಾನಿಗೆ ಒಡೆತನ ಉಳಿಯುವುದಿಲ್ಲ, ಮುತವಲ್ಲಿ ಲೆಕ್ಕ ಒಪ್ಪಿಸಲೇಬೇಕು. ಖಾಸಗಿ ವಿಶ್ವವಿದ್ಯಾಲಯದ ಚುಕ್ಕಾಣಿಯಾದರೋ ಸ್ಥಾಪಕ ಸಂಸ್ಥೆಯ ಕೈಯಲ್ಲೇ ಇರುತ್ತದೆ. ಅಧಿಕಾರ ಅಮಾನತ್ ಎನ್ನುವುದಾದರೆ, ಅದನ್ನು ಚಲಾಯಿಸಲು ಕಲಿಸುವ ವಿದ್ಯೆಯೂ ಅಮಾನತ್ತೇ. ಅದರ ಲೆಕ್ಕ ಕೇಳುವವರು ಯಾರು?

ಇದಕ್ಕಿಂತಲೂ ನಮ್ಮನ್ನು ಚಿಂತೆಗೀಡುಮಾಡುವುದು ತರಗತಿಯ ಬೆಂಚು. 2006ರ ಸಾಚಾರ್ ವರದಿಯ ಪ್ರಕಾರ ಐಎಎಸ್‌ನಲ್ಲಿ ಮುಸ್ಲಿಮರು ಶೇ. 3, ಐಪಿಎಸ್‌ನಲ್ಲಿ ಶೇ. 4 ಮಾತ್ರ. ನೀತಿ ರೂಪಿಸುವ ಕೋಣೆಗೆ ಈಗ ಪದವಿಯ ಇನ್ನೊಂದು ಬಾಗಿಲು ತೆರೆದಿದೆ. ಆದರೆ ಪಾಠ ಇಂಗ್ಲಿಷಿನಲ್ಲಿ. ಪಡಿತರದ ಸಾಲಿನಲ್ಲಿ ನಿಂತು ಬೆಳೆದ ಹುಡುಗಿ ಆ ಬೆಂಚಿನಲ್ಲಿಲ್ಲದಿದ್ದರೆ ಪಡಿತರ ಬರೀ ಅಂಕಿಅಂಶವಾಗಿಬಿಡುತ್ತದೆ.

ಕೊಳವೆಬಾವಿಗಳಿಂದಾಗಿ ಜನ 'ನೀರ್ ಸಾಬ್' ಎಂದು ಕರೆದ ಅಬ್ದುಲ್ ನಝೀರ್ ಸಾಬ್, ಹಳ್ಳಿಯವರಿಗೆ ಆಳಲು ಬರುತ್ತದೆ ಎಂದು ನಂಬಿದ್ದರು. 1983ರ ಪಂಚಾಯತ್ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಾಯಿತು, 1987ರಲ್ಲಿ ಚುನಾವಣೆಯೂ ನಡೆಯಿತು. ಗೆದ್ದು ಬಂದ ಹೆಂಗಸರನ್ನು ಯಾರೂ ಪದವಿ ಪತ್ರ ಕೇಳಲಿಲ್ಲ. ಇಂದು ಅಂಥದೇ ಪಂಚಾಯತಿಗೆ ನೀತಿಶಾಸ್ತ್ರದ ವಿದ್ಯಾರ್ಥಿ ಕ್ಷೇತ್ರಕಾರ್ಯಕ್ಕೆಂದು ಹೋಗುತ್ತಾನೆ. ಇಂಗ್ಲಿಷಿನಲ್ಲಿ ವರದಿ ಬರೆದು ಅಂಕ ಪಡೆಯುತ್ತಾನೆ. ಆ ವರದಿಯ ಒಂದು ಪ್ರತಿ ಕನ್ನಡದಲ್ಲಿ ಅದೇ ಪಂಚಾಯತಿಗೆ ಮರಳಲಿ, ಇಂತಿಂಥದು ತಪ್ಪೆಂದು ಅಲ್ಲಿಯ ಸದಸ್ಯೆ ಹೇಳಿದ್ದನ್ನೂ ಅಂಕ ಕೊಡುವವರು ಓದಲಿ ಎಂದು ನಾವು ಕೇಳುತ್ತೇವೆ.