ಬ್ಯಾಗ್ ಬಿಟ್ಟು ಹೊರಗೆ ಬನ್ನಿ

ಲೂಕ 17ನೇ ಅಧ್ಯಾಯ, 31 ಮತ್ತು 32ನೇ ವಚನ ತೆರೆದುಕೊಳ್ಳಿ. ಮಾಳಿಗೆ ಮೇಲಿರುವವನು ಸಾಮಾನು ತರೋಕೆ ಮನೆಯೊಳಗೆ ಹೋಗಬಾರದು ಅಂತ ಯೇಸುಸ್ವಾಮಿ ಎಚ್ಚರಿಸ್ತಾರೆ. ಕೂಡಲೇ ಲೋಟನ ಹೆಂಡತಿಯ ವಿಷಯ ತರ್ತಾರೆ.

ಈ ವಾಕ್ಯ ಓದುವಾಗೆಲ್ಲ ನನಗೆ ನೆನಪಾಗೋದು ಟೋಕಿಯೋದ ಹನೇಡಾ ವಿಮಾನ ನಿಲ್ದಾಣ. 2024, ಜನವರಿ 2ರ ಸಂಜೆ. ಸಪ್ಪೊರೊದಿಂದ ಬಂದ ಜಪಾನ್ ಏರ್‌ಲೈನ್ಸ್ ವಿಮಾನ ಇಳಿಯುತ್ತಲೇ, ರನ್‌ವೇ ಮೇಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೀತು. ಹೊರಗೆ ಬೆಂಕಿ, ಒಳಗೆ ಹೊಗೆ, ಸೀಟುಗಳಲ್ಲಿ 379 ಜನ. ಅನೌನ್ಸ್‌ಮೆಂಟ್ ವ್ಯವಸ್ಥೆ ಕೈಕೊಟ್ಟಿತ್ತು. ಸಿಬ್ಬಂದಿ ಮೆಗಾಫೋನ್ ಹಿಡಿದು, ಗಂಟಲು ಹರಿಯೋ ಹಾಗೆ ಕೂಗಿದ್ರು. ಎಂಟು ಬಾಗಿಲುಗಳಲ್ಲಿ ಬಳಸೋಕೆ ಆಗಿದ್ದು ಮೂರೇ. ಆದ್ರೂ ವಿಮಾನ ಇಳಿದ ಸುಮಾರು 18 ನಿಮಿಷದಲ್ಲಿ ಅಷ್ಟೂ ಜನ ಜೀವಂತವಾಗಿ ಹೊರಗೆ ಬಂದ್ರು!

ಹೇಗೆ? ಸಿಬ್ಬಂದಿಗೆ ಚೆನ್ನಾಗಿ ತರಬೇತಿ ಇತ್ತು. ಪ್ರಯಾಣಿಕರಲ್ಲಿ ಬಹುತೇಕರು ಹೇಳಿದ ಮಾತು ಕೇಳಿ, ಬ್ಯಾಗ್ ಅಲ್ಲೇ ಬಿಟ್ಟು ಬಂದ್ರು. ಲ್ಯಾಪ್‌ಟಾಪ್ ಮೇಲೇ ಇತ್ತು, ಬಿಟ್ರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇನ್ನೊಂದು ವಿಮಾನದಲ್ಲಿದ್ದ ಆರು ಜನರಲ್ಲಿ ಐದು ಜನ ತೀರಿಕೊಂಡ್ರು. ಅವರು ನೋಟೋ ಭೂಕಂಪದ ಸಂತ್ರಸ್ತರಿಗೆ ಪರಿಹಾರ ಸಾಮಗ್ರಿ ಒಯ್ಯೋಕೆ ಹೊರಟಿದ್ರು. "ಈ 379 ಜನರನ್ನ ದೇವರು ಪ್ರೀತಿಸಿದ್ರು, ಆ ಐವರನ್ನ ಬಿಟ್ಟುಬಿಟ್ರು" ಅಂತ ನಾನು ಈ ವೇದಿಕೆಯಿಂದ ಯಾವತ್ತೂ ಹೇಳಲ್ಲ. ಅವರ ಮನೆಯವರಿಗಾಗಿ ಪ್ರಾರ್ಥಿಸೋಣ.

ಈಗ ನಮ್ಮ ವಿಷಯಕ್ಕೆ ಬರೋಣ. ವಿಮಾನದಲ್ಲಿ ಬ್ಯಾಗ್ ಬಿಡಿ ಅನ್ನೋದು ಯಾಕೆ? ನಿಮ್ಮ ಜೀವಕ್ಕಾಗಿ ಮಾತ್ರ ಅಲ್ಲ. ನೀವು ಮೇಲಿಂದ ಬ್ಯಾಗ್ ಎಳೀತಾ ನಿಂತ್ರೆ ದಾರಿ ಕಟ್ಟುತ್ತೆ. ಅದನ್ನ ಹಿಡ್ಕೊಂಡು ಜಾರಿದ್ರೆ ಗಾಳಿ ತುಂಬಿದ ಸ್ಲೈಡ್ ಹರಿಯಬಹುದು. ಹಿಂದೆ ಮಗು ಎತ್ಕೊಂಡ ತಾಯಿ ಇದ್ದಾಳೆ. ನಿಮ್ಮ ಏಳು ಕೆಜಿಯ ಬೆಲೆ ಅವಳು ಕಟ್ಟಬೇಕಾ?

ಪಾಪವೂ ಹೀಗೇ, ಪ್ರಿಯರೇ. "ಇದು ನನ್ನ ಪರ್ಸನಲ್ ವಿಷಯ, ಬ್ರದರ್" ಅಂತೀರಿ. ನಿಮ್ಮ ಫೋನಿನ ಬೆಟ್ಟಿಂಗ್ ಆ್ಯಪ್ ಪರ್ಸನಲ್ಲಾ? ಪಕ್ಕದಲ್ಲೇ ಕೂತು ತಮ್ಮ ನೋಡ್ತಾ ಇದ್ದಾನೆ. ಅಪ್ಪನ ಜೊತೆ ಎರಡು ವರ್ಷದಿಂದ ಮಾತು ಬಿಟ್ಟಿದ್ದೀರಿ. ಆ ಕೋಪ ನಿಮ್ಮೊಬ್ಬರದ್ದಾ? ನಡುವೆ ಅಮ್ಮ ಸಿಕ್ಕಿಕೊಂಡಿದ್ದಾರೆ. ನೀವು ಬಿಡದೆ ಇರೋದು ಯಾರ ದಾರಿಗೆ ಅಡ್ಡ ನಿಂತಿದೆ? ಈ ವಾರ ಕರ್ತನ ಸನ್ನಿಧಿಯಲ್ಲಿ ಅದೊಂದನ್ನೇ ಕೇಳಿಕೊಳ್ಳಿ. ಉತ್ತರ ಬಂದ ದಿನವೇ ಬಿಡಿ. ಆ ಆ್ಯಪ್ ಡಿಲೀಟ್ ಮಾಡಿ, ಅಪ್ಪನಿಗೆ ಫೋನ್ ಮಾಡಿ.

ಹಾಂ, ಮುಂದಿನ ಸಲ ವಿಮಾನ ಹತ್ತಿದಾಗ ಇಯರ್‌ಫೋನ್ ತೆಗೆದು ಸುರಕ್ಷತಾ ಸೂಚನೆ ಕೇಳಿ. ಹತ್ತಿರದ ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸಿಕೊಳ್ಳಿ. ಹೊಗೆಯಲ್ಲಿ ಕಣ್ಣು ಕಾಣದೇ ಇದ್ರೂ ಕೈ ಎಣಿಸುತ್ತೆ.

ತಲೆ ಬಾಗಿಸಿ ಪ್ರಾರ್ಥಿಸೋಣ. ಆಮೆನ್.